ದೀಪಧಾರಿಣಿ ಇಟ್ಟ ಸಾವಿನ ಲೆಕ್ಕ

ಪ್ರತಿ ವರ್ಷ ಮೇ 12ನ್ನು ಅಂತಾರಾಷ್ಟ್ರೀಯ ದಾದಿಯರ ದಿನವನ್ನಾಗಿ ಆಚರಿಸಲಾಗುತ್ತದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿನಿಯರು ಬಿಳಿ ಸಮವಸ್ತ್ರ ತೊಟ್ಟು, ಸಾಲಾಗಿ ನಿಂತು, ಕೈಯಲ್ಲಿ ದೀಪ ಹಿಡಿದು ರೋಗಿಗಳ ಸೇವೆಯ ಪ್ರತಿಜ್ಞೆ ಸ್ವೀಕರಿಸುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆ ದೀಪದ ಹಿಂದಿರುವ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪಾಠಪುಸ್ತಕದಲ್ಲಿ ಆಕೆಯ ಬಗ್ಗೆ ಓದದವರು ವಿರಳ. ರಾತ್ರಿ ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಯಿಂದ ಹಾಸಿಗೆಗೆ ನಡೆದ ಕರುಣಾಮಯಿ ಎಂಬಷ್ಟಕ್ಕೇ ಸಾಮಾನ್ಯವಾಗಿ ಆ ಪಾಠ ಮುಗಿದುಬಿಡುತ್ತದೆ.

ಆದರೆ ಆಕೆಯ ಬದುಕಿನ ಅತ್ಯಂತ ಕಠಿಣ ಅಧ್ಯಾಯ ಯುದ್ಧ ಮುಗಿದ ನಂತರ ಆರಂಭವಾಯಿತು. ತಾನು ಹಗಲಿರುಳು ದುಡಿದ ಆಸ್ಪತ್ರೆಯೇ ಸಾವಿರಾರು ರೋಗಿಗಳ ಪಾಲಿಗೆ ಮೃತ್ಯುಕೂಪವಾಗಿತ್ತು ಎಂಬ ಸತ್ಯವನ್ನು ಆಕೆ ಅಂಕಿಅಂಶಗಳಲ್ಲಿ ಕಂಡುಕೊಂಡರು. ಅದನ್ನು ಮುಚ್ಚಿಡದೆ ಲೋಕದ ಮುಂದಿಟ್ಟರು. ಒಬ್ಬ ದಾದಿ ತನ್ನ ಸೇವೆಯನ್ನು ತಾನೇ ಪ್ರಶ್ನಿಸಿಕೊಂಡ ಈ ಪ್ರಸಂಗ ಇಂದಿನ ವಿದ್ಯಾರ್ಥಿಗಳಿಗೆ ದೀಪದಷ್ಟೇ ದಾರಿ ತೋರಿಸಬಲ್ಲದು.

ಶ್ರೀಮಂತ ಮನೆ, ಬೇರೆಯದೇ ಬಯಕೆ

ಫ್ಲಾರೆನ್ಸ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಇಂಗ್ಲೆಂಡಿನ ಶ್ರೀಮಂತ ದಂಪತಿಗಳಾದ ವಿಲಿಯಂ ಮತ್ತು ಫ್ರಾನ್ಸೆಸ್ ನೈಟಿಂಗೇಲ್ ಆಗ ಯುರೋಪಿನ ಪ್ರವಾಸದಲ್ಲಿದ್ದರು. ಹುಟ್ಟಿದ ಊರಿನ ಹೆಸರನ್ನೇ ಮಗಳಿಗಿಟ್ಟರು. ಡರ್ಬಿಶೈರ್‌ನಲ್ಲೊಂದು, ಹ್ಯಾಂಪ್‌ಶೈರ್‌ನಲ್ಲೊಂದು ಹೀಗೆ ಕುಟುಂಬಕ್ಕೆ ಎರಡು ದೊಡ್ಡ ಬಂಗಲೆಗಳಿದ್ದವು. ಮನೆತುಂಬ ಆಳುಕಾಳು, ವರ್ಷವಿಡೀ ಅತಿಥಿಗಳು.

ಆ ಕಾಲದ ಇಂಗ್ಲೆಂಡಿನಲ್ಲೂ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಆದರೆ ತಂದೆ ವಿಲಿಯಂ ಓದಿನ ಬೆಲೆ ಬಲ್ಲವರು. ಇಬ್ಬರು ಹೆಣ್ಣುಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಲ್ಯಾಟಿನ್, ಗ್ರೀಕ್, ಇತಿಹಾಸ, ತತ್ವಶಾಸ್ತ್ರಗಳನ್ನು ಸ್ವತಃ ಕಲಿಸಿದರು. ಕಿರಿಯ ಮಗಳು ಗಣಿತವನ್ನೂ ಕಲಿಯಬೇಕೆಂದು ಹಟ ಹಿಡಿದಳು. ಹೆಣ್ಣುಮಗಳಿಗೆ ಗಣಿತ ಯಾವ ಉಪಯೋಗಕ್ಕೆ ಎಂಬುದು ತಾಯಿಯ ಆಕ್ಷೇಪ. ಕೊನೆಗೆ ಮಗಳ ಹಟವೇ ಗೆದ್ದಿತು. ಆ ಗಣಿತ ಯಾವ ಉಪಯೋಗಕ್ಕೆ ಬಂತು ಎಂಬುದನ್ನು ಮುಂದೆ ನೋಡಲಿದ್ದೇವೆ.

ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಯಾವುದೋ ಸೇವೆಗೆ ಕರೆಯುತ್ತಿದ್ದಾನೆ ಎಂಬ ಅನುಭವ ಫ್ಲಾರೆನ್ಸಳಿಗಾಯಿತು. ಆ ಸೇವೆ ಯಾವುದೆಂದು ತಿಳಿಯಲು ಹಲವು ವರ್ಷಗಳೇ ಬೇಕಾದವು. ಹಳ್ಳಿಯ ಬಡವರ ಗುಡಿಸಲುಗಳಲ್ಲಿ ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುತ್ತಾ ತನ್ನ ದಾರಿ ಆಸ್ಪತ್ರೆಯ ಕಡೆಗಿದೆ ಎಂಬುದು ಆಕೆಗೆ ಸ್ಪಷ್ಟವಾಯಿತು. 1845ರಲ್ಲಿ ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಶುಶ್ರೂಷೆ ಕಲಿಯುತ್ತೇನೆಂದು ಮನೆಯವರಲ್ಲಿ ಕೇಳಿದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ತಾಯಿ ಮತ್ತು ಅಕ್ಕ ಕಣ್ಣೀರಿಟ್ಟರು. ತಂದೆ ಅನುಮತಿ ನಿರಾಕರಿಸಿದರು.

ಮನೆಯವರ ಹೆದರಿಕೆಗೆ ಕಾರಣವೂ ಇತ್ತು. ಆಗಿನ ಆಸ್ಪತ್ರೆಗಳೆಂದರೆ ಬಡವರು ಸಾಯಲು ಹೋಗುವ ಜಾಗ. ಉಳ್ಳವರು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದರು. ವಾರ್ಡುಗಳಲ್ಲಿ ದುರ್ವಾಸನೆ, ಕೊಳಕು ಹಾಸಿಗೆ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ತರಬೇತಿ ಇಲ್ಲ, ಗೌರವವಿಲ್ಲ. ಕುಡಿತ ಸಾಮಾನ್ಯವಾಗಿತ್ತು. ಗತಿಯಿಲ್ಲದವರು ಮಾತ್ರ ಸೇರುವ ಕೆಲಸ ಅದು ಎಂದು ಸಮಾಜ ತೀರ್ಮಾನಿಸಿಬಿಟ್ಟಿತ್ತು.

ಫ್ಲಾರೆನ್ಸ್ ಎದುರು ಮಾತಾಡಿ ಮನೆ ಬಿಟ್ಟು ಹೋಗಲಿಲ್ಲ, ಬಯಕೆಯನ್ನೂ ಬಿಡಲಿಲ್ಲ. ಮನೆಯವರೆಲ್ಲ ಏಳುವ ಮೊದಲೇ ಎದ್ದು, ಮೇಣದ ಬತ್ತಿಯ ಬೆಳಕಿನಲ್ಲಿ ಆಸ್ಪತ್ರೆಗಳ ಕುರಿತ ಸರ್ಕಾರಿ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಬೆಳಗಿನ ಉಪಾಹಾರದ ಗಂಟೆ ಬಾರಿಸಿದಾಗ ಕಾಗದಗಳನ್ನು ಎತ್ತಿಟ್ಟು ಮನೆಮಗಳಾಗಿ ಕೆಳಗಿಳಿದು ಬರುತ್ತಿದ್ದಳು. ಇಷ್ಟವಾಗಿದ್ದ ವರನೊಬ್ಬ ಒಂಬತ್ತು ವರ್ಷ ಕಾದರೂ, ಮದುವೆಯಾದರೆ ತನ್ನ ಕೆಲಸ ಕೈತಪ್ಪುತ್ತದೆಂದು 1849ರಲ್ಲಿ ಆ ಸಂಬಂಧವನ್ನು ನಿರಾಕರಿಸಿದಳು.

ಕಲಿಕೆಯ ಮೂರು ತಿಂಗಳು

1850ರಲ್ಲಿ ಈಜಿಪ್ಟ್ ಮತ್ತು ಗ್ರೀಸ್ ಪ್ರವಾಸದಿಂದ ಮರಳುವಾಗ ಜರ್ಮನಿಯ ಕೈಸರ್‌ವರ್ತ್ ಎಂಬ ಊರಿನ ಸೇವಾಸಂಸ್ಥೆಯನ್ನು ನೋಡುವ ಅವಕಾಶ ಒದಗಿತು. ಪಾದ್ರಿ ಥಿಯೋಡರ್ ಫ್ಲೀಡ್ನರ್ ಅಲ್ಲಿ ಆಸ್ಪತ್ರೆ, ಅನಾಥಾಲಯ, ಶಾಲೆಗಳನ್ನು ನಡೆಸುತ್ತಿದ್ದರು. ಮರುವರ್ಷ, 1851ರಲ್ಲಿ, ಮನೆಯವರನ್ನು ಒಪ್ಪಿಸಿ ನೈಟಿಂಗೇಲ್ ಅಲ್ಲಿ ಮೂರು ತಿಂಗಳು ತರಬೇತಿ ಪಡೆದರು. ಆಗ ಅವರಿಗೆ 31 ವರ್ಷ. ಬೆಳಗಿನ ಐದು ಗಂಟೆಗೆ ಏಳುವುದು, ಗಾಯಗಳಿಗೆ ಬ್ಯಾಂಡೇಜು ಕಟ್ಟುವುದು, ಶಸ್ತ್ರಚಿಕಿತ್ಸೆಯ ವೇಳೆ ನೆರವಾಗುವುದು, ಸಾಯುತ್ತಿರುವವರ ಬಳಿ ಕೂರುವುದು ಇವೆಲ್ಲವನ್ನೂ ಸಂತೋಷದಿಂದ ಮಾಡಿದರು.

1853ರ ಆಗಸ್ಟಿನಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿದ್ದ, ಕಾಯಿಲೆ ಬಿದ್ದ ಮಹಿಳೆಯರ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯ ಹುದ್ದೆ ದೊರೆಯಿತು. ಸಂಬಳವಿಲ್ಲ. ತಂದೆ ವರ್ಷಕ್ಕೆ 500 ಪೌಂಡುಗಳ ಖರ್ಚಿನ ವ್ಯವಸ್ಥೆ ಮಾಡಿದರು. ಹೆತ್ತವರ ಮನಸ್ಸು ಕರಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಅಲ್ಲಿ ನೈಟಿಂಗೇಲ್ ಮೊದಲು ಗಮನಿಸಿದ್ದು, ದಾದಿಯರ ಅರ್ಧ ದಿನ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಕಳೆದುಹೋಗುತ್ತದೆ ಎಂಬುದನ್ನು. ಪ್ರತಿ ಮಹಡಿಗೂ ಬಿಸಿನೀರಿನ ಕೊಳವೆ, ಊಟ ಮೇಲೆ ಕಳಿಸಲು ಲಿಫ್ಟು, ರೋಗಿ ಕರೆದರೆ ಯಾವ ಹಾಸಿಗೆಯಿಂದ ಎಂದು ತಿಳಿಯುವಂಥ ಗಂಟೆ ಬೇಕೆಂದು ಕೇಳಿದರು. ದಾದಿಯ ಕಾಲಿಗೆ ವಿಶ್ರಾಂತಿ ಸಿಕ್ಕರೆ ಆ ಸಮಯ ರೋಗಿಗೆ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ. ಆಡಳಿತ ಸಮಿತಿಯು ತಮ್ಮ ಪಂಥದ ರೋಗಿಗಳನ್ನು ಮಾತ್ರ ಸೇರಿಸಿಕೊಳ್ಳಬೇಕೆಂದಿದ್ದಾಗ, ಎಲ್ಲ ಧರ್ಮದವರಿಗೂ ಪ್ರವೇಶವಿರಬೇಕು, ಅವರವರ ಧರ್ಮಗುರುಗಳು ಬಂದು ಭೇಟಿಯಾಗಲು ಅವಕಾಶವಿರಬೇಕು ಎಂದು ಪಟ್ಟು ಹಿಡಿದು ಗೆದ್ದರು.

ಸ್ಕುಟಾರಿಯ ಆಸ್ಪತ್ರೆ

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಉಸ್ಮಾನಿಯಾ ಸಾಮ್ರಾಜ್ಯದ ಪರವಾಗಿ ರಷ್ಯಾದ ವಿರುದ್ಧ ಯುದ್ಧಕ್ಕಿಳಿದವು. ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯ ದ್ವೀಪ ರಣರಂಗವಾಯಿತು. ಗಾಯಗೊಂಡವರನ್ನೂ ಕಾಯಿಲೆ ಬಿದ್ದವರನ್ನೂ ಹಡಗುಗಳಲ್ಲಿ ತುಂಬಿ ಸಮುದ್ರ ದಾಟಿಸಿ ಇಸ್ತಾಂಬುಲ್‌ನ ಎದುರು ದಡದ ಉಸ್ಕುದಾರ್‌ಗೆ ತರುತ್ತಿದ್ದರು. ಇಂಗ್ಲಿಷರು ಈ ಊರನ್ನು ಸ್ಕುಟಾರಿ ಎನ್ನುತ್ತಿದ್ದರು. ಅಲ್ಲಿನ ಸಲೀಮಿಯೆ ಎಂಬ ವಿಶಾಲವಾದ ಸೇನಾ ಬಿಡಾರವನ್ನು ತುರ್ಕಿ ಸರ್ಕಾರ ಬ್ರಿಟಿಷರಿಗೆ ಬಿಟ್ಟುಕೊಟ್ಟಿತ್ತು. ಸೈನಿಕರು ವಾಸಿಸಲೆಂದು ಕಟ್ಟಿದ ಕಟ್ಟಡ ಏಕಾಏಕಿ ಸಾವಿರಾರು ರೋಗಿಗಳ ಆಸ್ಪತ್ರೆಯಾಯಿತು.

ಅಲ್ಲಿ ಬ್ಯಾಂಡೇಜಿಗೂ ಬಟ್ಟೆಯಿಲ್ಲ, ಸೈನಿಕರು ಆರೈಕೆಯಿಲ್ಲದೆ ಸಾಯುತ್ತಿದ್ದಾರೆ ಎಂಬ ವರದಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದಾಗ ಇಂಗ್ಲೆಂಡಿನ ಜನ ಕೆರಳಿದರು. ಯುದ್ಧ ಇಲಾಖೆಯ ಸಚಿವ ಸಿಡ್ನಿ ಹರ್ಬರ್ಟ್ ನೈಟಿಂಗೇಲ್‌ರ ಕುಟುಂಬದ ಪರಿಚಿತರು. ಅವರ ಕೋರಿಕೆಯಂತೆ 38 ದಾದಿಯರ ತಂಡ ಸಿದ್ಧವಾಯಿತು. ಅವರಲ್ಲಿ 24 ಮಂದಿ ಬೇರೆ ಬೇರೆ ಕ್ರೈಸ್ತ ಪಂಥಗಳ ಸೋದರಿಯರು, ಉಳಿದ 14 ಮಂದಿ ಆಸ್ಪತ್ರೆಗಳಲ್ಲಿ ದುಡಿದಿದ್ದ ಸಾಮಾನ್ಯ ದಾದಿಯರು. 1854ರ ಅಕ್ಟೋಬರ್ 21ರಂದು ಲಂಡನ್ ಬಿಟ್ಟ ತಂಡ ನವೆಂಬರ್ ಆರಂಭದಲ್ಲಿ ಸ್ಕುಟಾರಿ ತಲುಪಿತು.

ಸೇನಾ ವೈದ್ಯರಿಗೆ ಈ ಹೆಂಗಸರ ಬರವು ಬೇಕಿರಲಿಲ್ಲ. ವಾರ್ಡಿನೊಳಗೆ ಬರಗೊಡಲಿಲ್ಲ. ನೈಟಿಂಗೇಲ್ ಜಗಳ ಮಾಡಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ತಮ್ಮ ತಂಡಕ್ಕೆ ಕಟ್ಟಪ್ಪಣೆ ಮಾಡಿ, ಹಳೆಯ ಬಟ್ಟೆಗಳಿಂದ ಬ್ಯಾಂಡೇಜು, ದಿಂಬು, ಅಂಗಿಗಳನ್ನು ಹೊಲಿಯಲು ಕೂರಿಸಿದರು. ಕಣ್ಣೆದುರೇ ನರಳುವವರಿದ್ದಾಗ ಸುಮ್ಮನೆ ಸೂಜಿ ಹಿಡಿದು ಕೂರುವುದು ಆ ದಾದಿಯರಿಗೆ ಎಷ್ಟು ಕಷ್ಟವಾಗಿರಬೇಕು! ಕೆಲವರು ಆಕೆಯನ್ನು ಕಲ್ಲೆದೆಯವಳೆಂದೂ ಭಾವಿಸಿದರು. ಆದರೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ನವೆಂಬರ್ 5ರ ಇಂಕರ್‌ಮನ್ ಕದನದ ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದಾಗ ವೈದ್ಯರೇ ಬಂದು ದಾದಿಯರನ್ನು ಒಳಗೆ ಕರೆದರು.

ವಾರ್ಡುಗಳಲ್ಲಿ ದಾದಿಯರು ಕಂಡದ್ದು

ಒಳಗೆ ಹೋದ ದಾದಿಯರು ಕಂಡ ದೃಶ್ಯ ಭೀಕರವಾಗಿತ್ತು. ಹಾಸಿಗೆಗಳು ಸಾಲದೆ ಓಣಿಗಳ ನೆಲದ ಮೇಲೆಲ್ಲ ರೋಗಿಗಳು. ಯುದ್ಧಭೂಮಿಯಲ್ಲಿ ತೊಟ್ಟ ರಕ್ತಸಿಕ್ತ ಬಟ್ಟೆಯಲ್ಲೇ ವಾರಗಟ್ಟಲೆ ಮಲಗಿದವರು. ಮೈತುಂಬ ಹೇನು, ಹಾಸಿಗೆಯ ಕೆಳಗೆ ಇಲಿ. ಶೌಚಾಲಯಗಳು ಕಟ್ಟಿಕೊಂಡು ಹೊಲಸು ಹೊರಗೆ ಹರಿಯುತ್ತಿತ್ತು. ಕಟ್ಟಡದ ಅಡಿಯಲ್ಲೇ ಮೋರಿಗಳು. ಗುಂಡೇಟಿಗಿಂತ ಕಾಲರಾ, ಆಮಶಂಕೆ, ಟೈಫಸ್ ಜ್ವರಗಳಿಂದ ನರಳುವವರೇ ಹೆಚ್ಚು.

ನೈಟಿಂಗೇಲ್ ಮೊದಲು ತರಿಸಿದ್ದು ನೆಲ ಉಜ್ಜುವ ಬ್ರಷ್ಷುಗಳನ್ನು. ಟೈಮ್ಸ್ ಪತ್ರಿಕೆಯ ಓದುಗರು ಕೊಟ್ಟ ನಿಧಿ ಮತ್ತು ತಮ್ಮ ಸ್ವಂತ ಹಣದಿಂದ ಇಸ್ತಾಂಬುಲ್‌ನ ಮಾರುಕಟ್ಟೆಯಲ್ಲಿ ಅಂಗಿ, ಚಮಚ, ತಟ್ಟೆ, ಟವೆಲು, ಸಾಬೂನು ಎಲ್ಲವನ್ನೂ ಖರೀದಿಸಿದರು. ಮನೆಯೊಂದನ್ನು ಬಾಡಿಗೆಗೆ ಹಿಡಿದು ಬಿಸಿನೀರಿನ ಹಂಡೆಗಳನ್ನು ಹೂಡಿಸಿ, ಸೈನಿಕರ ಪತ್ನಿಯರನ್ನೇ ಕೂಲಿಗೆ ನೇಮಿಸಿ ಬಟ್ಟೆ ಒಗೆಸಿದರು. ಗಟ್ಟಿ ಆಹಾರ ತಿನ್ನಲಾಗದವರಿಗೆ ಬೇರೆ ಅಡುಗೆಮನೆ ತೆರೆದು ಗಂಜಿ, ಸೂಪು ಮಾಡಿಸಿದರು.

ತಂಡದ ಒಳಗೂ ಕಷ್ಟಗಳಿದ್ದವು. ಕೆಲವು ದಾದಿಯರು ಕುಡಿತದ ಕಾರಣಕ್ಕೆ ಮರಳಬೇಕಾಯಿತು. ಪಂಥಗಳ ನಡುವೆ ವೈಮನಸ್ಸು ತಲೆದೋರಿತು. ಕೆಲವರು ಜ್ವರ ತಗುಲಿ ಪ್ರಾಣ ಬಿಟ್ಟರು. ಉಳಿದವರು ಕೀವು, ರಕ್ತ, ಮಲ ಎಲ್ಲವನ್ನೂ ಬರಿಗೈಯಲ್ಲಿ ತೊಳೆದರು. ಚರಿತ್ರೆಯಲ್ಲಿ ಅವರ ಹೆಸರುಗಳು ಅಷ್ಟಾಗಿ ಕೇಳಿಬರುವುದಿಲ್ಲ.

ರಾತ್ರಿ ಎಂಟರ ನಂತರ ಬೇರೆ ದಾದಿಯರಿಗೆ ವಾರ್ಡಿನೊಳಗೆ ಪ್ರವೇಶವಿರಲಿಲ್ಲ. ನೈಟಿಂಗೇಲ್ ಮಾತ್ರ ದೀಪ ಹಿಡಿದು ಮೈಲುಗಟ್ಟಲೆ ಉದ್ದದ ಆ ಸಾಲುಗಳ ನಡುವೆ ನಡೆಯುತ್ತಿದ್ದರು. ಪಾಠಪುಸ್ತಕದ ಚಿತ್ರಗಳಲ್ಲಿ ಆ ದೀಪ ಅಲ್ಲಾವುದ್ದೀನನ ದೀಪದಂತೆ ಕಾಣುವುದುಂಟು. ನಿಜವಾಗಿ ಅದು ತುರ್ಕಿಯ ಬಟ್ಟೆಯ ಫಾನೂಸು. ಬೇಕಾದಾಗ ಹಿಗ್ಗಿಸಿ, ಬೇಡವಾದಾಗ ಮಡಚಿಡುವ ಲಾಂದ್ರ. ಆ ಬೆಳಕಿನಲ್ಲಿ ಯಾರಿಗೆ ಜ್ವರ ಏರಿದೆ, ಯಾರು ನೀರಿಗಾಗಿ ಕೈ ಚಾಚಿದ್ದಾರೆ, ಯಾರು ರಾತ್ರಿ ಕಳೆಯುವುದು ಕಷ್ಟ ಎಂಬುದನ್ನು ನೋಡುತ್ತಿದ್ದರು. ಸಾಯುವವರ ಬಳಿ ಕುಳಿತು ಕೊನೆಯ ಮಾತು ಕೇಳಿಸಿಕೊಂಡು, ಬೆಳಗ್ಗೆ ಅವರ ತಾಯಂದಿರಿಗೆ, ಹೆಂಡಂದಿರಿಗೆ ಪತ್ರ ಬರೆಯುತ್ತಿದ್ದರು. ಚೇತರಿಸಿಕೊಂಡವರು ಸಂಬಳವನ್ನು ಕುಡಿದು ಕಳೆಯದೆ ಊರಿಗೆ ಕಳುಹಿಸಲು ವ್ಯವಸ್ಥೆ ಮಾಡಿದರು. ಓದುವ ಕೋಣೆಗಳನ್ನು ತೆರೆದರು.

ಸಾವು ನಿಲ್ಲಲಿಲ್ಲ

ಇಷ್ಟೆಲ್ಲ ಮಾಡಿದರೂ ಸಾವು ಕಡಿಮೆಯಾಗಲಿಲ್ಲ ಎಂಬುದು ಈ ಚರಿತ್ರೆಯ ಕಹಿ ಸತ್ಯ. ಆ ಮೊದಲ ಚಳಿಗಾಲದಲ್ಲೇ ಸ್ಕುಟಾರಿಯಲ್ಲಿ 4,000ಕ್ಕೂ ಹೆಚ್ಚು ಸೈನಿಕರು ಸತ್ತರು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಾಗಿತ್ತು.

ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗ ಬಂದಿಳಿಯಿತು. ಡಾ. ಜಾನ್ ಸದರ್ಲೆಂಡ್ ಮತ್ತು ಇಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರ ಪ್ರಮುಖರು. ಅವರು ಮೋರಿಗಳನ್ನು ತೊಳೆಸಿದರು, ಗಾಳಿಯಾಡಲು ಕಿಂಡಿಗಳನ್ನು ಮಾಡಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಗಾಡಿಗಟ್ಟಲೆ ಕಸವನ್ನೂ ಸತ್ತ ಪ್ರಾಣಿಗಳನ್ನೂ ಆವರಣದಿಂದ ಸಾಗಿಸಿದರು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯ ಕಳೇಬರ ಸಿಕ್ಕಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು.

ಈ ನಡುವೆ ಮೇ ತಿಂಗಳಲ್ಲಿ ಕ್ರಿಮಿಯಾದ ಆಸ್ಪತ್ರೆಗಳನ್ನು ನೋಡಲು ಹೋದ ನೈಟಿಂಗೇಲ್ ತೀವ್ರ ಜ್ವರಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬಂದರು. ಆ ಕಾಯಿಲೆ ಮುಂದೆ ಜೀವಮಾನವಿಡೀ ಅವರನ್ನು ಕಾಡಿತು. ಊರಿಗೆ ಮರಳಲು ಎಲ್ಲರೂ ಒತ್ತಾಯಿಸಿದರೂ ಕೊನೆಯ ರೋಗಿಗಳು ಹೊರಡುವವರೆಗೆ ಅಲ್ಲೇ ಉಳಿದರು. 1856ರ ಆಗಸ್ಟಿನಲ್ಲಿ, ಅದ್ಧೂರಿ ಸ್ವಾಗತ ತಪ್ಪಿಸಿಕೊಳ್ಳಲು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣಿಸಿ, ಸದ್ದಿಲ್ಲದೆ ಮನೆ ಸೇರಿದರು. ಆ ವೇಳೆಗೆ ಇಡೀ ಇಂಗ್ಲೆಂಡು ಅವರನ್ನು ದೇವತೆಯಂತೆ ಕೊಂಡಾಡುತ್ತಿತ್ತು.

ಅಂಕಿಗಳು ಹೇಳಿದ ಸತ್ಯ

ಹೊಗಳಿಕೆಯಲ್ಲಿ ತೃಪ್ತಿಪಟ್ಟುಕೊಂಡು ಅವರು ಸುಮ್ಮನಿರಬಹುದಿತ್ತು. ಆದರೆ ಅಷ್ಟೊಂದು ಮಂದಿ ಏಕೆ ಸತ್ತರು ಎಂಬ ಪ್ರಶ್ನೆ ಬಿಡಲಿಲ್ಲ. ಅಲ್ಲಿಯವರೆಗೆ ಅವರ ನಂಬಿಕೆ ಹೀಗಿತ್ತು: ಸೈನಿಕರು ಹಸಿವು, ಚಳಿ, ದಣಿವಿನಿಂದ ಅರೆಜೀವವಾಗಿ ಸ್ಕುಟಾರಿಗೆ ಬರುತ್ತಿದ್ದರು. ಆದ್ದರಿಂದ ಆಸ್ಪತ್ರೆ ಅವರನ್ನು ಉಳಿಸಲಾಗಲಿಲ್ಲ. 1857ರಲ್ಲಿ ಸೈನ್ಯದ ಆರೋಗ್ಯದ ಬಗ್ಗೆ ರಾಯಲ್ ಕಮಿಷನ್ ನೇಮಕವಾದಾಗ, ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಡಾ. ವಿಲಿಯಂ ಫಾರ್ ಅವರೊಂದಿಗೆ ಕುಳಿತು ನೈಟಿಂಗೇಲ್ ಆಸ್ಪತ್ರೆಗಳ ದಾಖಲೆಗಳನ್ನು ತಿಂಗಳು ತಿಂಗಳಿನಂತೆ ಪರಿಶೀಲಿಸಿದರು.

ಅಂಕಿಗಳು ಬೇರೆಯೇ ಸಂಗತಿ ಹೇಳಿದವು. ರಣರಂಗದ ಸಮೀಪ ಡೇರೆಗಳಲ್ಲಿದ್ದ ಆಸ್ಪತ್ರೆಗಳಲ್ಲಿ ಸೌಲಭ್ಯಗಳು ಕಡಿಮೆಯಿದ್ದರೂ ಸಾವು ಸ್ಕುಟಾರಿಗಿಂತ ಕಡಿಮೆಯಿತ್ತು. ಸ್ಕುಟಾರಿಯ ಕಿಕ್ಕಿರಿದ ಕೋಣೆಗಳು, ಕೆಟ್ಟ ಗಾಳಿ, ಅಡಿಯ ಮೋರಿಗಳು, ಕಲುಷಿತ ನೀರು ಇವೇ ರೋಗಿಗಳನ್ನು ಕೊಂದಿದ್ದವು. ಯುದ್ಧದ ಗಾಯದಿಂದ ಬದುಕುಳಿಯಬಹುದಾಗಿದ್ದವರು ಚಿಕಿತ್ಸೆಗೆಂದು ಬಂದ ಜಾಗದಲ್ಲಿ ಬೇರೆ ರೋಗ ತಗುಲಿ ಸತ್ತಿದ್ದರು. ತಾವು ಅಂಗಿ ಬದಲಿಸಿ, ಗಂಜಿ ಕುಡಿಸಿ, ತಲೆ ನೇವರಿಸಿದ ಯುವಕರು ತಮ್ಮ ಕಾಲಡಿಯ ಹೊಲಸಿನಿಂದಲೇ ಸಾಯುತ್ತಿದ್ದುದು ಆಗ ತಮಗೆ ಹೊಳೆದಿರಲಿಲ್ಲ ಎಂಬುದು ಅವರನ್ನು ಎಷ್ಟು ನೋಯಿಸಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು. 1857ರ ಆಗಸ್ಟಿನಲ್ಲಿ ಅವರು ಸಂಪೂರ್ಣ ಕುಸಿದುಬಿದ್ದರು. ಹಳೆಯ ಜ್ವರದ ಜೊತೆಗೆ ಈ ಸತ್ಯದ ಭಾರವೂ ಅದಕ್ಕೆ ಕಾರಣವೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಆದರೆ ಅವರು ಸತ್ಯವನ್ನು ಬಚ್ಚಿಡಲಿಲ್ಲ. ಸರ್ಕಾರ ಮುಜುಗರಪಟ್ಟುಕೊಂಡರೂ ತಮ್ಮ ವರದಿಯನ್ನು 1858ರಲ್ಲಿ ಸ್ವಂತ ಖರ್ಚಿನಲ್ಲಿ ಮುದ್ರಿಸಿ ಪ್ರಭಾವಿಗಳಿಗೆ ಹಂಚಿದರು. ಅಂಕಿಗಳ ಪಟ್ಟಿಯನ್ನು ಮಂತ್ರಿಗಳು ಓದಲಾರರೆಂದು ತಿಳಿದು ಅದನ್ನು ಬಣ್ಣದ ಚಿತ್ರವನ್ನಾಗಿಸಿದರು. ವೃತ್ತವನ್ನು ಹನ್ನೆರಡು ತಿಂಗಳ ಹೋಳುಗಳಾಗಿ ಮಾಡಿ, ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು ಬಣ್ಣ ಕೊಟ್ಟರು. ನೀಲಿಯ ಮುಂದೆ ಕೆಂಪು ಸಣ್ಣ ಚೂರಿನಂತೆ ಕಾಣುತ್ತಿತ್ತು. ಶತ್ರುವಿನ ಗುಂಡಿಗಿಂತ ಕೊಳಕು ಹೆಚ್ಚು ಜನರನ್ನು ಕೊಂದಿದೆ ಎಂಬುದು ಓದು ಬಾರದವನಿಗೂ ಅರ್ಥವಾಗುವಂತಿತ್ತು. ತಾಯಿ ಬೇಡವೆಂದ ಗಣಿತ ಹೀಗೆ ಉಪಯೋಗಕ್ಕೆ ಬಂತು. ಅದೇ 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

ರೋಗಿಯ ಕಣ್ಣಿನಿಂದ ನೋಡುವ ವಿದ್ಯೆ

1859ರಲ್ಲಿ ನೈಟಿಂಗೇಲ್ ಶುಶ್ರೂಷೆಯ ಕುರಿತು ಒಂದು ಪುಟ್ಟ ಪುಸ್ತಕ ಬರೆದರು. ನೋಟ್ಸ್ ಆನ್ ನರ್ಸಿಂಗ್ ಎಂಬ ಈ ಕೃತಿ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗಾಗಿ ಬರೆದದ್ದು. ಅದರ ತಿರುಳನ್ನು ತಿಳಿದರೆ ದಾದಿಯ ಕೆಲಸವನ್ನು ಅವರು ಹೇಗೆ ಕಂಡಿದ್ದರು ಎಂಬುದು ಮನವರಿಕೆಯಾಗುತ್ತದೆ.

ಔಷಧಿ ಕುಡಿಸುವುದು, ಪಟ್ಟು ಹಾಕುವುದು ಶುಶ್ರೂಷೆಯ ಒಂದು ಭಾಗವಷ್ಟೇ. ಶುದ್ಧ ಗಾಳಿ, ಬೆಳಕು, ಬೆಚ್ಚಗಿನ ವಾತಾವರಣ, ಸ್ವಚ್ಛತೆ, ನಿಶ್ಶಬ್ದ, ಹೊತ್ತಿಗೆ ಸರಿಯಾದ ಆಹಾರ ಇವನ್ನು ಒದಗಿಸಿ ದೇಹ ತಾನೇ ಗುಣವಾಗಲು ಅನುವು ಮಾಡಿಕೊಡುವುದೇ ದಾದಿಯ ಮುಖ್ಯ ಕೆಲಸ ಎಂಬುದು ಅವರ ವಾದ. ರೋಗಿಯ ಕೋಣೆಯ ಹೊರಗೆ ನಿಂತು ವೈದ್ಯರೂ ನೆಂಟರೂ ಪಿಸುಗುಟ್ಟುವುದು ದೊಡ್ಡ ಕ್ರೌರ್ಯ. ಒಳಗಿರುವವನು ಅದು ತನ್ನ ಬಗ್ಗೆಯೇ ಎಂದು ಕಿವಿಗೊಟ್ಟು ಬಳಲುತ್ತಾನೆ. ಬೆನ್ನ ಹಿಂದಿನಿಂದ ಮಾತಾಡಿಸಬಾರದು, ಎದುರಿಗೆ ಕುಳಿತು ನಿಧಾನವಾಗಿ ಮಾತಾಡಿಸಬೇಕು. ಹಾಸಿಗೆಗೆ ಒರಗಿ ಅಲುಗಾಡಿಸಬಾರದು. ರೋಗವನ್ನು ಅರಿಯದ ನೆಂಟರು ಬೇಗ ಗುಣವಾಗುತ್ತದೆಂದು ಹುಸಿ ಧೈರ್ಯ ಹೇಳುವುದು ರೋಗಿಯನ್ನು ಇನ್ನಷ್ಟು ಒಂಟಿಯಾಗಿಸುತ್ತದೆ. ದಿನವಿಡೀ ಅದೇ ಗೋಡೆ ನೋಡುವವನಿಗೆ ಕಿಟಕಿಯಾಚೆಯ ಒಂದು ನೋಟ, ಒಂದು ಹಿಡಿ ಹೂವು ಕೂಡ ಔಷಧಿಯಷ್ಟೇ ಉಪಕಾರ ಮಾಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಗಮನಿಸುವ ಗುಣ. ರೋಗಿ ನಿನ್ನೆ ಎಷ್ಟು ತಿಂದ, ಎಷ್ಟು ಹೊತ್ತು ನಿದ್ರಿಸಿದ ಎಂಬುದನ್ನು ಸರಿಯಾಗಿ ನೋಡಿ ಸರಿಯಾಗಿ ಹೇಳಲು ಬಾರದವರಿಗೆ ಎಷ್ಟೇ ಭಕ್ತಿಯಿದ್ದರೂ ಈ ಕೆಲಸ ಒಗ್ಗದು ಎಂದು ಅವರು ಖಂಡಿತವಾಗಿ ಅಭಿಪ್ರಾಯಪಟ್ಟಿದ್ದರು. ದಾದಿ ತಾನಿದ್ದಾಗ ನಡೆಯುವ ಆರೈಕೆ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿರಬೇಕು ಎಂಬುದೂ ಅವರ ನಿಯಮ. ಸ್ಕುಟಾರಿಯ ಪಾಠ ಈ ಪುಸ್ತಕದ ಪುಟಪುಟದಲ್ಲೂ ಅಡಗಿದೆ.

ಜನರು ಕೃತಜ್ಞತೆಯಿಂದ ಸಂಗ್ರಹಿಸಿಕೊಟ್ಟಿದ್ದ ಸುಮಾರು 45,000 ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು 15 ಮಂದಿ. ಒಂದು ವರ್ಷದ ತರಬೇತಿ, ವಾಸಕ್ಕೆ ಸುರಕ್ಷಿತ ವಸತಿ, ನಡತೆಯ ಬಗ್ಗೆ ಕಟ್ಟುನಿಟ್ಟು. ಇಲ್ಲಿ ಕಲಿತವರು ಮುಂದೆ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಿಗೆ ಹೋಗಿ ಶಾಲೆಗಳನ್ನು ಕಟ್ಟಿದರು. ಗತಿಯಿಲ್ಲದವರ ಕೆಲಸವೆಂದು ಹೀಗಳೆಯಲ್ಪಟ್ಟಿದ್ದುದು ಒಂದೇ ತಲೆಮಾರಿನಲ್ಲಿ ಗೌರವದ ವೃತ್ತಿಯಾಯಿತು.

ಭಾರತದ ನಂಟು

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಅವರ ಬದುಕಿನ ಕೊನೆಯ ನಾಲ್ಕು ದಶಕಗಳ ಬಹುಪಾಲು ಚಿಂತನೆ ಭಾರತದ ಬಗ್ಗೆಯೇ ಇತ್ತು. 1859ರಲ್ಲಿ ಭಾರತದ ಸೈನ್ಯದ ಆರೋಗ್ಯ ಕುರಿತು ಇನ್ನೊಂದು ರಾಯಲ್ ಕಮಿಷನ್ ನೇಮಕವಾಯಿತು. ಹಾಸಿಗೆ ಹಿಡಿದಿದ್ದ ನೈಟಿಂಗೇಲ್ ಭಾರತದ ಪ್ರತಿ ದಂಡಿಗೂ ಪ್ರಶ್ನಾವಳಿ ಕಳುಹಿಸಲು ನೆರವಾದರು. ನೀರು ಎಲ್ಲಿಂದ ಬರುತ್ತದೆ, ಚರಂಡಿ ಎಲ್ಲಿಗೆ ಹೋಗುತ್ತದೆ, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಎಂಬಂಥ ಪ್ರಶ್ನೆಗಳು. ಉತ್ತರಗಳ ಕಟ್ಟುಗಳು ಅವರ ಮನೆಯನ್ನು ತುಂಬಿದವು. ನಮ್ಮ ಬೆಂಗಳೂರು ದಂಡಿನಿಂದಲೂ ಉತ್ತರ ಹೋಗಿತ್ತು. ಕುಡಿಯುವ ನೀರಿನ ಹಲಸೂರು ಕೆರೆಗೆ ಪೇಟೆಯ ಕೊಳಚೆ ಸೇರುತ್ತಿದ್ದುದು ಅವರ ಗಮನಕ್ಕೆ ಬಂದಿತ್ತು. ಹಲಸೂರನ್ನು ಕಂಡಿರದ ಮಹಿಳೆಯೊಬ್ಬರು ಲಂಡನ್ನಿನ ಕೋಣೆಯಲ್ಲಿ ಮಲಗಿ ಆ ಕೆರೆಯ ನೀರಿನ ಬಗ್ಗೆ ಚಿಂತಿಸಿದ್ದರು!

ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಆಗ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಸುಧಾರಣೆಗಳ ಬಳಿಕ 1873ರ ಹೊತ್ತಿಗೆ ಅದು 18ಕ್ಕೆ ಇಳಿದಿತ್ತೆಂದು ನೈಟಿಂಗೇಲ್ ವರದಿ ಮಾಡಿದರು. ಸೈನಿಕರಿಂದ ಆರಂಭವಾದ ಅವರ ಕಾಳಜಿ ಕ್ರಮೇಣ ಹಳ್ಳಿಗಳ ನೈರ್ಮಲ್ಯ, ಕ್ಷಾಮ, ನೀರಾವರಿ, ರೈತರ ಬಡತನದವರೆಗೆ ಬೆಳೆಯಿತು. ಭಾರತಕ್ಕೆ ಹೊರಡುವ ವೈಸರಾಯ್‌ಗಳು ಅವರನ್ನು ಕಂಡು ಸಲಹೆ ಪಡೆಯುವುದು ರೂಢಿಯಾಗಿತ್ತು.

ಕೊರತೆಗಳೂ ಇದ್ದವು

ಮಹಾನ್ ವ್ಯಕ್ತಿಗಳ ಜೀವನ ಬರೆಯುವಾಗ ಅವರ ಕೊರತೆಗಳನ್ನು ಮರೆಮಾಚುವುದು ನ್ಯಾಯವಲ್ಲ. ರೋಗಾಣುಗಳಿಂದ ಸೋಂಕು ಹರಡುತ್ತದೆ ಎಂಬ ವಾದವನ್ನು ನೈಟಿಂಗೇಲ್ ಬಹುಕಾಲ ಒಪ್ಪಲಿಲ್ಲ. ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ನಂತರದ ವರ್ಷಗಳಲ್ಲಿ ನಿಲುವು ಬದಲಿಸಿಕೊಂಡರು. ದಾದಿಯರಿಗೆ ಪರೀಕ್ಷೆ ನಡೆಸಿ ನೋಂದಣಿ ಮಾಡಬೇಕೆಂಬ ಬೇಡಿಕೆಯನ್ನು ವಿರೋಧಿಸಿದರು. ಅದೇ ಕ್ರಿಮಿಯಾ ಯುದ್ಧದಲ್ಲಿ ಜಮೈಕಾದ ಮೇರಿ ಸೀಕೋಲ್ ಎಂಬ ಅನುಭವಿ ಮಹಿಳೆ, ಲಂಡನ್ನಿನಲ್ಲಿ ಅಧಿಕಾರಿಗಳು ತನ್ನನ್ನು ಸೇರಿಸಿಕೊಳ್ಳದಿದ್ದಾಗ ಸ್ವಂತ ಖರ್ಚಿನಲ್ಲಿ ರಣರಂಗಕ್ಕೆ ಹೋಗಿ ಸೈನಿಕರಿಗೆ ಊಟ, ಔಷಧಿ ಒದಗಿಸಿದರು. ಆಕೆಯ ಹೆಸರನ್ನು ಲೋಕ ಬಹುಕಾಲ ಮರೆತಿತ್ತು. ದೀಪದ ಬೆಳಕು ಒಬ್ಬರ ಮೇಲೇ ಬಿದ್ದಾಗ ಉಳಿದವರು ಕತ್ತಲಲ್ಲಿ ಉಳಿಯುತ್ತಾರೆ ಎಂಬುದನ್ನು ನಾವು ನೆನಪಿಡಬೇಕು.

ಕೊನೆಯ ದಿನಗಳು

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆ ನೈಟಿಂಗೇಲ್. ಆ ವೇಳೆಗೆ ಅವರ ದೃಷ್ಟಿ ಹೋಗಿತ್ತು, ನೆನಪೂ ಮಾಸಿತ್ತು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ನಿಧನರಾದರು. ರಾಷ್ಟ್ರದ ಮಹನೀಯರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಂತ್ಯಸಂಸ್ಕಾರ ಮಾಡಲು ಸರ್ಕಾರ ಮುಂದೆ ಬಂದರೂ ಕುಟುಂಬದವರು ಒಪ್ಪಲಿಲ್ಲ. ಊರಿನ ಚರ್ಚಿನ ಅಂಗಳದಲ್ಲಿ ಹೆತ್ತವರ ಬಳಿ ಅವರನ್ನು ಹೂಳಲಾಯಿತು. ಸಮಾಧಿಯ ಕಲ್ಲಿನ ಮೇಲೆ ಪೂರ್ಣ ಹೆಸರೂ ಇಲ್ಲ; ಎರಡು ಅಕ್ಷರ, ಹುಟ್ಟಿದ ಮತ್ತು ಅಗಲಿದ ವರ್ಷ, ಅಷ್ಟೇ.

ಅವರು ಹುಟ್ಟಿ 200 ವರ್ಷ ತುಂಬಿದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಅದೇ ವರ್ಷ ಕೊರೋನಾ ಬಂದೆರಗಿತು. ಬಂಧುಗಳಿಗೆ ಪ್ರವೇಶವಿಲ್ಲದ ವಾರ್ಡುಗಳಲ್ಲಿ ಮೈತುಂಬ ರಕ್ಷಾಕವಚ ತೊಟ್ಟ ದಾದಿಯರೇ ರೋಗಿಗಳ ಕೈ ಹಿಡಿದರು, ಮೊಬೈಲ್ ಹಿಡಿದು ಮನೆಯವರ ಮುಖ ತೋರಿಸಿದರು. ಕೈ ತೊಳೆಯಿರಿ, ಕಿಟಕಿ ತೆರೆಯಿರಿ, ಸಾವಿನ ಲೆಕ್ಕವನ್ನು ಮುಚ್ಚಿಡಬೇಡಿ ಎಂಬ ಹಳೆಯ ಪಾಠಗಳನ್ನೇ ಜಗತ್ತು ಮತ್ತೆ ಕಲಿಯಿತು.

ನಮ್ಮ ಮನೆಗಳಲ್ಲೂ ಮಗಳು ನರ್ಸಿಂಗ್ ಓದುತ್ತೇನೆ ಎಂದಾಗ ರಾತ್ರಿ ಪಾಳಿ, ಗಂಡು ರೋಗಿಗಳು, ಜನ ಏನೆಂದಾರು ಎಂಬ ಅಂಜಿಕೆಗಳು ಏಳುತ್ತವೆ. ನೈಟಿಂಗೇಲ್‌ರ ತಾಯಿಗೂ ಅವೇ ಅಂಜಿಕೆಗಳಿದ್ದವು. ಆದರೆ ನಮ್ಮ ಚರಿತ್ರೆಯಲ್ಲೇ, ಮದೀನಾದಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾ(ರ) ಅವರಂಥವರಿದ್ದಾರೆ ಎಂಬುದನ್ನು ಪೋಷಕರು ನೆನಪಿಸಿಕೊಳ್ಳಬೇಕು. ಮಗಳನ್ನು ತಡೆಯುವ ಬದಲು ಒಳ್ಳೆಯ ತರಬೇತಿ, ಸುರಕ್ಷಿತ ವಸತಿ ಎಲ್ಲಿದೆಯೆಂದು ವಿಚಾರಿಸುವುದು ಹೆತ್ತವರ ಹೊಣೆ.

ವಿದ್ಯಾರ್ಥಿಗಳೇ, ನೀವು ದಾದಿಯಾಗಿ, ಶಿಕ್ಷಕರಾಗಿ, ಯಾವ ಕೆಲಸವನ್ನೇ ಮಾಡಿ, ಒಳ್ಳೆಯ ಮನಸ್ಸು ಮೊದಲ ಮೆಟ್ಟಿಲು ಮಾತ್ರ. ನಾನು ಇಷ್ಟು ದುಡಿದೆ ಎಂಬ ತೃಪ್ತಿಗೆ ನಿಲ್ಲದೆ, ನನ್ನ ದುಡಿಮೆಯಿಂದ ಎದುರಿಗಿರುವವನಿಗೆ ನಿಜವಾಗಿ ಒಳಿತಾಯಿತೇ ಎಂದು ಲೆಕ್ಕ ನೋಡಬೇಕು. ಲೆಕ್ಕ ತಪ್ಪಿದ್ದರೆ ಒಪ್ಪಿಕೊಳ್ಳಬೇಕು, ತಿದ್ದಿಕೊಳ್ಳಬೇಕು. ಸ್ಕುಟಾರಿಯಲ್ಲಿ ಸತ್ತ ಸಾವಿರಾರು ಸೈನಿಕರನ್ನು ನೈಟಿಂಗೇಲ್ ಬದುಕಿಸಲಾಗಲಿಲ್ಲ. ಆದರೆ ಅವರ ಸಾವಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟದ್ದರಿಂದ ಆನಂತರ ಆಸ್ಪತ್ರೆಗೆ ಬಂದ ಅಸಂಖ್ಯ ಜನ ಜೀವಂತವಾಗಿ ಮನೆಗೆ ಮರಳಿದರು.